ಹೆಬ್ಬೆಟ್ಟು ಮತ್ತು ಒಪ್ಪಿಗೆ

ಅಕ್ಷರ ಬಾರದವರನ್ನು ‘ಹೆಬ್ಬೆಟ್ಟಿನವರು’ ಎಂದು ಕರೆಯುವ ವಾಡಿಕೆ ನಮ್ಮ ಹಳ್ಳಿಗಳಲ್ಲಿ ಬಹುಕಾಲ ಇತ್ತು. ವಯಸ್ಕರ ರಾತ್ರಿ ಶಾಲೆಗಳು ಮೊಟ್ಟಮೊದಲು ಕಲಿಸುತ್ತಿದ್ದುದು ರುಜು ಹಾಕುವುದನ್ನು. ಮಸಿಯ ಗುರುತನ್ನು ಬಿಟ್ಟು ತನ್ನ ಹೆಸರನ್ನು ತಾನೇ ಬರೆದವನ ಹಿಗ್ಗು ಸಾಮಾನ್ಯವಾದುದಲ್ಲ. ಈಗ ಕಾಲ ಒಂದು ಸುತ್ತು ತಿರುಗಿ ಬಂದಂತೆ ಕಾಣುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ, ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ, ಸಿಮ್ ಕಾರ್ಡು ಮಾರುವವನ ಮುಂದೆ, ಪಂಡಿತ ಪಾಮರರೆನ್ನದೆ ಎಲ್ಲರೂ ಬೆರಳೊತ್ತುತ್ತಿದ್ದೇವೆ. ಹಿಂದಿನ ಹೆಬ್ಬೆಟ್ಟಿನವನಿಗೆ ನಮಗಿಲ್ಲದ ಒಂದು ಅನುಕೂಲವೂ ಇತ್ತು. ಪತ್ರ ಬರೆದವನು ಅದನ್ನು ನಾಲ್ಕು ಜನ ಸಾಕ್ಷಿಗಳ ಮುಂದೆ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಕೇಳಿ ಒಪ್ಪಿದ ಮೇಲೆ ಬೆರಳಿಗೆ ಮಸಿ ಹತ್ತುತ್ತಿತ್ತು. ಇಂದು ಕೈಯಲ್ಲಿರುವ ಫೋನು ‘ಒಪ್ಪಿದ್ದೇನೆ’ ಎಂಬ ಗುಂಡಿಯನ್ನಷ್ಟೇ ತೋರಿಸುತ್ತದೆ. ಅದರ ಹಿಂದಿನ ಹತ್ತಾರು ಪುಟಗಳ ಇಂಗ್ಲಿಷ್ ಪತ್ರವನ್ನು ಓದಿ ಹೇಳುವ ಪುಣ್ಯಾತ್ಮರು ಯಾರೂ ಇಲ್ಲ.

ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯಂಥ ಊರಿಗೆ ಇದು ಪೇಟೆಯವರ ಹರಟೆಯಲ್ಲ. ವೈಟ್‌ಫೀಲ್ಡಿನ ಕಡೆಯಿಂದ ಬೆಂಗಳೂರು ಬೆಳೆಯುತ್ತ ಬಂದು ಈ ಭಾಗದ ರಾಗಿಯ ಹೊಲಗಳು ನಿವೇಶನಗಳಾಗುತ್ತಿವೆ. ಹೊಲ ಮಾರಿದವನ ಭಾವಚಿತ್ರವೂ ಬೆರಳಚ್ಚೂ ಕ್ರಯಪತ್ರದಲ್ಲಿ ಉಳಿಯುತ್ತವೆ. ಆಧಾರ್ ಪ್ರತಿಯನ್ನೂ ಜೊತೆಗೆ ಲಗತ್ತಿಸುವುದುಂಟು. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಅನೇಕರ ಬ್ಯಾಂಕು ಖಾತೆಗಳಿಂದ ಅವರಿಗೆ ಅರಿವಿಲ್ಲದೆ ಹಣ ಹೋದ ದೂರುಗಳು ಬಂದವು. ನೋಂದಣಿ ಪತ್ರಗಳಿಂದ ಬೆರಳಚ್ಚನ್ನೂ ಆಧಾರ್ ಸಂಖ್ಯೆಯನ್ನೂ ನಕಲು ಮಾಡಿದ್ದರೆಂಬ ಸಂಗತಿ ಆಗ ಚರ್ಚೆಗೆ ಬಂತು. ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆಯಲ್ಲಿ ಗುಟ್ಟಿನ ಸಂಖ್ಯೆಯನ್ನೇನೂ ಕೇಳುವುದಿಲ್ಲ. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು ಇಷ್ಟಿದ್ದರೆ ಸಾಕು. ಹಳ್ಳಿಯ ಮುದುಕಿ ಬ್ಯಾಂಕಿಗೆ ಅಲೆಯದಿರಲೆಂದು ಮಾಡಿದ ಏರ್ಪಾಡು ಕಳ್ಳನಿಗೂ ಅಷ್ಟೇ ಸಲೀಸಾಯಿತು. ಬೀಗದ ಕೈ ಕಳೆದರೆ ಬೀಗ ಬದಲಿಸಬಹುದು. ಬೆರಳನ್ನು ಬದಲಿಸುವುದು ಹೇಗೆ?

ಇದಕ್ಕೆ ಪರಿಹಾರವೇ ಇಲ್ಲವೆಂದಲ್ಲ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ನಮ್ಮ ಬೆರಳಚ್ಚಿಗೆ ನಾವೇ ಬೀಗ ಹಾಕಬಹುದು, ಬೇಕಾದಾಗ ತೆರೆಯಬಹುದು. ನಮ್ಮ ಗುರುತನ್ನು ಯಾರು ಯಾವಾಗ ಪರಿಶೀಲಿಸಿದರೆಂಬ ಪಟ್ಟಿಯೂ ಅಲ್ಲಿ ದೊರೆಯುತ್ತದೆ. ಕೊನೆಯ ನಾಲ್ಕು ಅಂಕಿಗಳನ್ನು ಮಾತ್ರ ತೋರುವ ಆಧಾರ್ ಪ್ರತಿಯನ್ನು ಇಳಿಸಿಕೊಂಡರೆ, ಜೆರಾಕ್ಸ್ ಅಂಗಡಿಯ ಮೇಜಿನ ಮೇಲೆ ಇಡೀ ಸಂಖ್ಯೆಯನ್ನು ಬಿಟ್ಟು ಬರುವ ಪ್ರಮೇಯ ತಪ್ಪುತ್ತದೆ. ನಮ್ಮ ಹೆಸರಿನಲ್ಲಿ ಎಷ್ಟು ಮೊಬೈಲ್ ಸಂಪರ್ಕಗಳಿವೆಯೆಂಬುದನ್ನು ದೂರಸಂಪರ್ಕ ಇಲಾಖೆಯ ‘ಸಂಚಾರ ಸಾಥಿ’ ತಾಣ ತಿಳಿಸುತ್ತದೆ. ಹಣ ಹೋದೊಡನೆ 1930ಕ್ಕೆ ಫೋನು ಮಾಡಬೇಕು. ಇವೆಲ್ಲ ಉಚಿತ. ಆದರೆ ಬೀಗ ಹಾಕಿದ ಮುದುಕಿ ಪಡಿತರಕ್ಕೆ ಬೆರಳು ಕೊಡಬೇಕಾದಾಗ ಮತ್ತೆ ಅದನ್ನು ತೆರೆಸಬೇಕು. ಅದಕ್ಕೆ ಬೇಕಾದ ಅಂಕಿ ಮಗನ ಫೋನಿಗೆ ಬರುತ್ತದೆ. ಮಗ ಕೆಲಸಕ್ಕೆ ಹೋಗಿರುತ್ತಾನೆ. ಸಲಕರಣೆಯಿದ್ದ ಮಾತ್ರಕ್ಕೆ ರಕ್ಷಣೆ ಸಿಕ್ಕಿತೆನ್ನುವವರು ಇದನ್ನು ಯೋಚಿಸುವುದು ಒಳ್ಳೆಯದು.

ಈ ಹಕ್ಕಿನ ಹೋರಾಟದ ಮುಂಚೂಣಿಯಲ್ಲಿ ನಿಂತವರು ಕನ್ನಡಿಗರೊಬ್ಬರೆಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ಎಷ್ಟು ಮಂದಿ ಹೇಳಿದ್ದೇವೆ? ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಮೊಮ್ಮಕ್ಕಳೊಡನೆ ಕಾಲ ಕಳೆಯಬಹುದಾಗಿದ್ದ ವಯಸ್ಸು ಅದು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲವೆಂದು ಸರ್ಕಾರ 1954 ಮತ್ತು 1962ರ ಹಳೆಯ ತೀರ್ಪುಗಳನ್ನು ಮುಂದಿಟ್ಟಿತು. 1962ರ ತೀರ್ಪಿನಲ್ಲಿ ನ್ಯಾಯಮೂರ್ತಿ ಸುಬ್ಬರಾಯರು ಭಿನ್ನಮತ ಬರೆದಿದ್ದರು. ಅರ್ಧ ಶತಮಾನಕ್ಕೂ ಮೀರಿ ಕಾದಿದ್ದ ಆ ಭಿನ್ನಮತಕ್ಕೆ 2017ರ ಆಗಸ್ಟ್ 24ರಂದು ಮನ್ನಣೆ ದೊರೆಯಿತು. ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ ಖಾಸಗಿತನ ಸಂವಿಧಾನದತ್ತವಾದ ಹಕ್ಕೆಂದು ಸಾರಿದರು. ಮರುವರ್ಷ ಆಧಾರ್ ಕಾನೂನನ್ನು ಬಹುಮತದ ತೀರ್ಪು ಬಹುಮಟ್ಟಿಗೆ ಎತ್ತಿಹಿಡಿಯಿತು ಎಂಬುದೂ ನಿಜ. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅವರ ಹೆಸರಿನ 547 ಪುಟಗಳ ತೀರ್ಪು ಅಂತರಜಾಲದಲ್ಲಿ ಯಾರಿಗೂ ಮುಕ್ತವಾಗಿದೆ, ಮೂಲವಿರುವುದು ಇಂಗ್ಲಿಷಿನಲ್ಲಿ.

‘ನಮ್ಮಲ್ಲಿ ಮುಚ್ಚಿಡುವಂಥದು ಏನಿದೆ? ಹಳ್ಳಿಯಲ್ಲಿ ಎಲ್ಲರ ಮನೆಯ ಸಂಗತಿಯೂ ಎಲ್ಲರಿಗೂ ಗೊತ್ತು’ ಎಂದು ಹೇಳುವವರುಂಟು. ಈ ಮಾತಿಗೆ ಅರ್ಧ ಕಾರಣ ನಮ್ಮ ಶಬ್ದಗಳೇ. ‘ಗೌಪ್ಯತೆ’ ಎಂದೊಡನೆ ಗುಟ್ಟಿನ ವಾಸನೆ ಬರುತ್ತದೆ, ಗುಟ್ಟೆಂದೊಡನೆ ತಪ್ಪಿನ ವಾಸನೆ. ‘ಖಾಸಗಿತನ’ ಇನ್ನೂ ಹೊಸ ಬಟ್ಟೆಯಂತೆ ಗರಿಗರಿಯಾಗಿದೆ. ಆದರೆ ಶಬ್ದ ಹೊಸದಾದರೂ ವಸ್ತು ಹೊಸದಲ್ಲ. ನಮ್ಮ ಹಳೆಯ ಮನೆಗಳಲ್ಲಿ ಜಗಲಿಗೆ ಬರುವವರು ಬೇರೆ, ಪಡಸಾಲೆಗೆ ಬರುವವರು ಬೇರೆ, ನಡುಮನೆ ದಾಟುವವರು ಬೇರೆ. ಯಾರು ಎಲ್ಲಿಯವರೆಗೆ ಎಂಬುದನ್ನು ಮನೆಯವರು ಗೊತ್ತುಮಾಡುತ್ತಿದ್ದರು. (ಜಾತಿ ಗೊತ್ತುಮಾಡುತ್ತಿದ್ದುದೂ ಉಂಟು, ಆ ಅನ್ಯಾಯವನ್ನು ಇಲ್ಲಿ ಸಮರ್ಥಿಸುತ್ತಿಲ್ಲ.) ಮೇಲಾಗಿ ಹಳ್ಳಿಯ ತಿಳಿವಳಿಕೆ ಎರಡು ಕಡೆಯದು: ನನ್ನ ಸಾಲ ನೆರೆಯವನಿಗೆ ಗೊತ್ತಿದ್ದರೆ ಅವನ ಸಾಲ ನನಗೂ ಗೊತ್ತು. ನನ್ನ ಕಾಯಿಲೆ, ಸಾಲ, ಮಗಳ ಶಾಲೆ ಇವೆಲ್ಲವನ್ನೂ ಕೂಡಿಸಿಟ್ಟುಕೊಂಡ ಕಂಪೆನಿಯ ಬಗೆಗೆ ನನಗೆ ತಿಳಿದಿರುವುದು ಅದರ ಹೆಸರಿನ ಬಣ್ಣ ಮಾತ್ರ.

ಈ ಪ್ರಶ್ನೆಯನ್ನು ಉಪಾಧ್ಯಾಯರು ತೀರ ಹತ್ತಿರದಿಂದ ಕಂಡಿದ್ದಾರೆ. 2025ರ ಸೆಪ್ಟೆಂಬರ್ 22ರಂದು ಆರಂಭವಾದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಫೋನು ಹಿಡಿದು ಮನೆಮನೆಗೆ ಹೋದವರು ಅವರೇ; ಕೇಳಬೇಕಾಗಿದ್ದುದು 60 ಪ್ರಶ್ನೆಗಳು. ಹಿಂದುಳಿದವರ ಸ್ಥಿತಿ ತಿಳಿಯದೆ ನ್ಯಾಯ ಸಾಧ್ಯವಿಲ್ಲ, ಆದುದರಿಂದ ಸಮೀಕ್ಷೆ ಬೇಕು ಎಂಬುದೇ ಈ ಲೇಖಕನ ಅಭಿಪ್ರಾಯ. ಆದರೂ ಸೆಪ್ಟೆಂಬರ್ 25ರ ಮಧ್ಯಂತರ ಆದೇಶದಲ್ಲಿ ಉಚ್ಚ ನ್ಯಾಯಾಲಯ ಸಮೀಕ್ಷೆಯನ್ನು ತಡೆಯದೆಯೇ, ಉತ್ತರ ಕೊಡುವುದು ಜನರ ಇಚ್ಛೆಗೆ ಬಿಟ್ಟದ್ದೆಂದೂ ಮಾಹಿತಿಯನ್ನು ಗುಟ್ಟಾಗಿಡಬೇಕೆಂದೂ ಹೇಳಿದ್ದು ಯುಕ್ತವಾಗಿತ್ತು. ‘ಇದಕ್ಕೆ ಉತ್ತರ ಕೊಡಲೇಬೇಕೆಂದಿಲ್ಲಮ್ಮ’ ಎಂದು ಬಾಗಿಲಲ್ಲಿ ಹೇಳಿದ ಉಪಾಧ್ಯಾಯಿನಿ ಯಾವ ಪಠ್ಯಪುಸ್ತಕವೂ ಕಲಿಸದ ಪಾಠವನ್ನು ಕಲಿಸಿದಳು.

ಸರ್ಕಾರವೇ ಈ ಪಾಠವನ್ನು ಮರೆಯುವುದೂ ಉಂಟು. ಹೊಸ ಫೋನುಗಳಲ್ಲೆಲ್ಲ ‘ಸಂಚಾರ ಸಾಥಿ’ಯನ್ನು ಮೊದಲೇ ತುಂಬಿ ಕೊಡಬೇಕೆಂದು 2025ರ ನವೆಂಬರ್ ಕೊನೆಯಲ್ಲಿ ದೂರಸಂಪರ್ಕ ಇಲಾಖೆ ಕಂಪೆನಿಗಳಿಗೆ ಸೂಚಿಸಿ, ಗದ್ದಲವಾದ ಮೇಲೆ ಡಿಸೆಂಬರ್ ಮೊದಲ ವಾರದಲ್ಲಿ ಹಿಂತೆಗೆದುಕೊಂಡಿತು. ನಾವಾಗಿ ಹೋಗಿ ಸಹಾಯ ಕೇಳುವ ಕಾವಲುಗಾರ ಬೇರೆ. ಕರೆಯದೆ ನಡುಮನೆಯಲ್ಲಿ ಬಂದು ಕುಳಿತವನು ಬೇರೆ.

ಈಗ ಮುಖ್ಯವಾದ ಮಾತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದಲ್ಲಿ ಭಾಷಾಭಿಮಾನಿಗಳು ಗಮನಿಸಬೇಕಾದ ಒಂದು ನಿಯಮವಿದೆ. ನಮ್ಮ ಮಾಹಿತಿ ಕೇಳುವವರು ಯಾವ ಮಾಹಿತಿ, ಯಾತಕ್ಕೆ ಎಂಬುದನ್ನು ತಿಳಿಸುವ ಸೂಚನೆಯನ್ನೂ ಒಪ್ಪಿಗೆಯ ಕೋರಿಕೆಯನ್ನೂ ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದಿಕೊಳ್ಳುವ ಆಯ್ಕೆಯನ್ನು ಕೊಡಬೇಕು. ಕನ್ನಡ ಆ 22 ಭಾಷೆಗಳಲ್ಲೊಂದು. 2025ರ ನವೆಂಬರಿನಲ್ಲಿ ಹೊರಬಂದ ನಿಯಮಗಳ ಪ್ರಕಾರ ಈ ಭಾಗ ಜಾರಿಗೆ ಬರಲು ಹದಿನೆಂಟು ತಿಂಗಳ ಅವಧಿಯಿದೆ. ಈ ಕಾನೂನಿನಲ್ಲಿ ದೋಷಗಳು ಬೇಕಾದಷ್ಟಿವೆ. ಸರ್ಕಾರ ತನಗೆ ಬೇಕಾದ ವಿನಾಯಿತಿಗಳನ್ನು ಇಟ್ಟುಕೊಂಡಿದೆ. ಮಾಹಿತಿ ಹಕ್ಕಿನ ಕಾನೂನನ್ನು ತಿದ್ದಿ, ಅಧಿಕಾರಿಗಳ ಲೆಕ್ಕ ಕೇಳುವವನಿಗೆ ‘ಅದು ವೈಯಕ್ತಿಕ’ ಎಂದು ಬಾಗಿಲು ಮುಚ್ಚಲು ಅನುವು ಮಾಡಿದೆ. ಬಡವನ ಬೆರಳಿಗೆ ದೊರೆಯಬೇಕಾದ ಮರೆ ಕಡತಕ್ಕೆ ಸಿಕ್ಕಿತು. ಅದನ್ನು ಟೀಕಿಸೋಣ. ಆದರೆ ಕೈಗೆ ಬಂದ ಭಾಷೆಯ ಹಕ್ಕನ್ನು ಬಿಡಬಾರದು.

ಬಿಡದಿರುವುದೆಂದರೆ ಕನ್ನಡದಲ್ಲಿ ಕೇಳುವುದಷ್ಟೇ ಅಲ್ಲ, ತಿಳಿಯುವ ಕನ್ನಡವನ್ನು ಕೇಳುವುದು. ಯಂತ್ರ ಅನುವಾದಿಸಿದ, ಕರ್ತೃ ಕ್ರಿಯಾಪದಗಳು ಒಂದನ್ನೊಂದು ಕಾಣದ ವಾಕ್ಯಗಳನ್ನು ತೆರೆಯ ಮೇಲೆ ಸುರಿದು ಕಾನೂನು ಪಾಲಿಸಿದ್ದೇವೆ ಎನ್ನುವುದು ಕಂಪೆನಿಗಳಿಗೆ ಸುಲಭ. ಅದನ್ನು ಇದು ಕನ್ನಡವಲ್ಲವೆಂದು ಹೇಳಬಲ್ಲವರು ಸಾಹಿತ್ಯ ಓದಿದವರು. ಬೆಂಗಳೂರಿನಲ್ಲೇ 2008ರಲ್ಲಿ ಹುಟ್ಟಿದ ‘ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ’ ಈ ವಿಷಯದಲ್ಲಿ ಶ್ರೇಷ್ಠ ಬರಹಗಳನ್ನು ಪ್ರಕಟಿಸಿದೆ. ಅದರ ಭಾಷೆ ಹೆಚ್ಚಾಗಿ ಇಂಗ್ಲಿಷ್. ಕನ್ನಡ ವಿಕಿಪೀಡಿಯ, ಜ್ಞಾನ ಆಯೋಗ ಕಲ್ಪಿಸಿದ ‘ಕಣಜ’ ನಮ್ಮ ಮುಂದಿವೆ. ಕನ್ನಡ ಎಂ.ಎ. ತರಗತಿಯೊಂದು ಒಂದು ವರ್ಷದ ಅನುವಾದ ಅಭ್ಯಾಸಕ್ಕೆ ಪುಟ್ಟಸ್ವಾಮಿ ತೀರ್ಪಿನ ಆಯ್ದ ಪುಟಗಳನ್ನು ತೆಗೆದುಕೊಳ್ಳಬಾರದೇಕೆ? ನಾಟಕ, ಕಾದಂಬರಿಗಳಿಗಿಂತ ಅದು ಕಡಿಮೆ ಕಷ್ಟದ ಗದ್ಯವೇನಲ್ಲ.

ಅದಕ್ಕಿಂತ ಮೊದಲು ಆಗಬಹುದಾದ ಸಣ್ಣ ಕೆಲಸವಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಹಲವು ಕಡೆ ಗಣಕಯಂತ್ರಗಳೂ ಬಂದಿವೆ. ಬೆರಳಚ್ಚಿಗೆ ಬೀಗ ಹಾಕುವ ಕ್ರಮ, ಪಡಿತರದ ದಿನ ಅದನ್ನು ತೆರೆಯುವ ಕ್ರಮ, 1930 ಎಂಬ ಸಂಖ್ಯೆ, ಇವಿಷ್ಟನ್ನು ದಪ್ಪ ಅಕ್ಷರದಲ್ಲಿ ಒಂದು ಹಾಳೆಗೆ ಇಳಿಸಿ ಅಲ್ಲಿಯ ಗೋಡೆಗೆ ಅಂಟಿಸಬೇಕು. ಸಂಜೆಯ ಹೊತ್ತು ಕಾಲೇಜಿನ ಹುಡುಗನೋ ಹುಡುಗಿಯೋ ಪಕ್ಕದಲ್ಲಿ ಕುಳಿತು, ಹಿಂದೆ ಪತ್ರ ಬರೆಯುವವನು ಓದುತ್ತಿದ್ದಂತೆ, ಬಂದವರಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು.