ಬೆಂಗಳೂರು–ಸ್ಯಾನ್‌ಫ್ರಾನ್ಸಿಸ್ಕೊ: ದೂರ ಒಂದೇ, ಹಾದಿ ಹಲವು

ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ನೇರ ದೂರ 13,993 ಕಿ.ಮೀ. ಎರಡೂ ನಗರಗಳು ಭೂಗೋಳದ ಹೆಚ್ಚುಕಡಿಮೆ ಎದುರುಬದುರು ರೇಖಾಂಶಗಳಲ್ಲಿರುವುದರಿಂದ ಅತಿ ಹತ್ತಿರದ ಹಾದಿ ಉತ್ತರ ಧ್ರುವದ ಸಮೀಪದಲ್ಲೇ ಸಾಗುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಮಾರ್ಗದಲ್ಲಿ ತಡೆರಹಿತ ಸೇವೆ ಆರಂಭಿಸಿದಾಗ, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಆ ಹಾದಿಯಲ್ಲೇ ಬಂದು ಜನವರಿ 11ರಂದು ಬೆಂಗಳೂರಿನಲ್ಲಿ ಇಳಿದಿತ್ತು.

ಆದರೆ ನಕಾಶೆಯ ದೂರವೇ ಪ್ರಯಾಣದ ಅವಧಿಯನ್ನು ನಿರ್ಧರಿಸುವುದಿಲ್ಲ. ಸುಮಾರು ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಪ್ರಬಲ ಗಾಳಿಯ ಪಾತ್ರ ಇಲ್ಲಿ ದೊಡ್ಡದು. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್‌ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಕಳುಹಿಸಿತು. ಹಾದಿ ಸುಮಾರು 1,400 ಕಿ.ಮೀ. ಹೆಚ್ಚಾಗಿ 15,300 ಕಿ.ಮೀ. ತಲುಪಿತು, ಆದರೂ ಗಾಳಿ ಬೆನ್ನಿಗಿದ್ದ ಕಾರಣ ಹದಿನಾಲ್ಕೂವರೆ ಗಂಟೆಯಲ್ಲಿ ಪ್ರಯಾಣ ಮುಗಿಯಿತು. ದೂರ ಹೆಚ್ಚಾದರೂ ಸಮಯ ಉಳಿಯಿತು!

ಗಾಳಿಗಿಂತ ಕಠಿಣವಾದುದು ರಾಜಕಾರಣ. ಟಿಬೆಟ್ ಪ್ರಸ್ಥಭೂಮಿಯನ್ನು ವಿಮಾನಗಳು ಸಾಧ್ಯವಾದಷ್ಟು ತಪ್ಪಿಸುತ್ತವೆ. ಒಳಗಿನ ಗಾಳಿಯ ಒತ್ತಡ ಕುಸಿದರೆ ತಕ್ಷಣ ಸುಮಾರು ಮೂರು ಕಿ.ಮೀ. ಎತ್ತರಕ್ಕೆ ಇಳಿಯಬೇಕು, ಅಲ್ಲಿ ನೆಲವೇ ಅದಕ್ಕಿಂತ ಎತ್ತರದಲ್ಲಿದೆ. ಹೀಗಾಗಿ ಪೂರ್ವಕ್ಕೋ ಪಶ್ಚಿಮಕ್ಕೋ ಸುತ್ತುವುದು ಅನಿವಾರ್ಯ. ಪಶ್ಚಿಮದಲ್ಲಿ ಪಾಕಿಸ್ತಾನವಿದೆ. 2019ರಲ್ಲಿ ಅದು ತಿಂಗಳುಗಟ್ಟಲೆ ವಾಯುಪ್ರದೇಶವನ್ನು ಮುಚ್ಚಿದಾಗ ಜುಲೈ 2ರವರೆಗೆ ಏರ್ ಇಂಡಿಯಾಕ್ಕಾದ ನಷ್ಟ 491 ಕೋಟಿ ರೂಪಾಯಿ ಎಂದು ಸರ್ಕಾರವೇ ರಾಜ್ಯಸಭೆಗೆ ತಿಳಿಸಿತ್ತು. ಪಹಲ್ಗಾಮ್ ದಾಳಿಯ ಬಳಿಕ, 2025ರ ಏಪ್ರಿಲ್ 24ರಂದು ಭಾರತೀಯ ವಿಮಾನಗಳಿಗೆ ಆ ಬಾಗಿಲು ಮತ್ತೆ ಮುಚ್ಚಿತು. ಅದೇ ವರ್ಷ ಸೆಪ್ಟೆಂಬರ್ 1ರಿಂದ ದೆಹಲಿ–ವಾಷಿಂಗ್ಟನ್ ಸೇವೆ ಸ್ಥಗಿತಗೊಂಡಿತು. ವಿಮಾನಗಳ ನವೀಕರಣದ ಜೊತೆಗೆ ಇದೂ ಒಂದು ಕಾರಣವೆಂದು ಸಂಸ್ಥೆ ಹೇಳಿತು.

ರಷ್ಯಾದ ಆಕಾಶದ ಕಥೆ ಬೇರೆ. 2022ರ ಯುದ್ಧದ ನಂತರ ಅಮೆರಿಕದ ಸಂಸ್ಥೆಗಳಿಗೆ ಅಲ್ಲಿ ಪ್ರವೇಶವಿಲ್ಲದಾಯಿತು, ಏರ್ ಇಂಡಿಯಾಕ್ಕೆ ಉಳಿಯಿತು. ಆದರೆ ಈ ಅನುಕೂಲಕ್ಕೂ ಬೆಲೆಯಿದೆ. 2023ರ ಜೂನ್‌ನಲ್ಲಿ ಎಂಜಿನ್ ತೊಂದರೆಯಿಂದ ದೆಹಲಿ–ಸ್ಯಾನ್‌ಫ್ರಾನ್ಸಿಸ್ಕೊ ವಿಮಾನ ರಷ್ಯಾದ ದೂರಪೂರ್ವದ ಮಗದಾನ್‌ನಲ್ಲಿ ಇಳಿಯಿತು. 216 ಪ್ರಯಾಣಿಕರು ಬದಲಿ ವಿಮಾನ ಬರುವವರೆಗೆ ಅಲ್ಲಿಯೇ ಉಳಿಯಬೇಕಾಯಿತು.

ಸುತ್ತು ಹೆಚ್ಚಿದಷ್ಟೂ ಇಂಧನ ಹೆಚ್ಚು ಬೇಕು. ಆ ಇಂಧನವನ್ನು ಹೊರಲು ಮತ್ತಷ್ಟು ಇಂಧನ ಬೇಕು. ಆಗ ಸರಕು ಇಳಿಸಬೇಕು, ಕೆಲವು ಆಸನ ಖಾಲಿ ಬಿಡಬೇಕು, ಇಲ್ಲವೇ ನಡುವೆ ಇಳಿದು ತುಂಬಿಸಿಕೊಳ್ಳಬೇಕು. ಇದರ ಬಿಸಿ ಹೆಚ್ಚಾಗಿ ತಟ್ಟುವುದು ಮಕ್ಕಳನ್ನು ನೋಡಲು ಸಿಲಿಕಾನ್ ಕಣಿವೆಗೆ ಹೊರಡುವ ವಯಸ್ಸಾದ ತಂದೆತಾಯಿಗೆ. ಅವರಿಗೆ ಕಷ್ಟವಾಗುವುದು ಹಾರಾಟಕ್ಕಿಂತ ಹೆಚ್ಚಾಗಿ ಭಾಷೆ ತಿಳಿಯದ ನಿಲ್ದಾಣದಲ್ಲಿ ವಿಮಾನ ಬದಲಿಸುವುದು.

ಟಿಕೆಟ್ ನೋಡುವಾಗಲೂ ಎಚ್ಚರ ಅಗತ್ಯ. ಅದರಲ್ಲಿರುವುದು ಆಯಾ ಊರಿನ ಸಮಯ. ಚಳಿಗಾಲದಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಭಾರತಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಚಳಿಗಾಲದಲ್ಲಿ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದವರು ಅದೇ ದಿನ ಸಂಜೆ 4.30ಕ್ಕೆ ಅಲ್ಲಿರುತ್ತಾರೆ. ಮರಳುವಾಗ ಮಾತ್ರ ಕ್ಯಾಲೆಂಡರಿನಲ್ಲಿ ಒಂದು ದಿನ ಕಳೆದುಹೋಗಿರುತ್ತದೆ.