ಸಾಲಕ್ಕೆ ಎಲ್ಲರೂ ಹೊಣೆ, ಲೆಕ್ಕ ಮಾತ್ರ ಒಬ್ಬರ ಮನೇಲಿ!

ಸ್ವಸಹಾಯ ಸಂಘದವರಿಗೆ ನಾಯಕತ್ವ ತರಬೇತಿ ಎಂದರೆ ತಾಲ್ಲೂಕು ಕೇಂದ್ರದಲ್ಲಿ ಬ್ಯಾನರ್, ಭಾಷಣ, ಊಟ, ಗ್ರೂಪ್ ಫೋಟೊ. ಹೋಗುವವರೂ ಪ್ರತಿಸಲ ಅದೇ ಅಧ್ಯಕ್ಷೆ, ಅದೇ ಕಾರ್ಯದರ್ಶಿ. ಇದನ್ನು ತರಬೇತಿ ಎನ್ನಲು ನಾವು ಒಪ್ಪುವುದಿಲ್ಲ.

ಸಂಘದಲ್ಲಿ ಸಾಮಾನ್ಯವಾಗಿ 10ರಿಂದ 20 ಮಂದಿ. ಬ್ಯಾಂಕ್ ಸಾಲ ಕೊಡುವುದು ಸಂಘಕ್ಕೆ, ತೀರಿಸುವ ಹೊಣೆ ಎಲ್ಲರದ್ದು. ಪಾಸ್‌ಬುಕ್, ಲೆಕ್ಕದ ಪುಸ್ತಕ ಮಾತ್ರ ಎಷ್ಟೋ ಕಡೆ ಒಬ್ಬರ ಮನೆಯ ಬೀರುವಿನಲ್ಲಿ. ಕೇಳಿದರೆ, "ನನ್ನ ಮೇಲೆ ನಂಬಿಕೆ ಇಲ್ವಾ?" ಲೆಕ್ಕ ಕೇಳುವುದು ಅನುಮಾನವಲ್ಲ, ಹಕ್ಕು.

"ಓದು ಬಾರದವರು ಏನು ಮಾಡ್ತಾರೆ?" ಎನ್ನುತ್ತಾರೆ. ಸಭೆ ನಡೆಸುತ್ತಾರೆ, ಬ್ಯಾಂಕಿಗೆ ಹೋಗಿ ಕಂತು ಕಟ್ಟಿ ಬರುತ್ತಾರೆ, ಬರೆದದ್ದನ್ನು ಓದಿಸಿ ಕೇಳುತ್ತಾರೆ. ಸಂತೆ ಲೆಕ್ಕ, ಕೂಲಿ ಲೆಕ್ಕ ಬಾಯಲ್ಲೇ ಹಾಕುವವರಿಗೆ ಇದು ಕಷ್ಟವೇ?

ಸಭೆ, ಉಳಿತಾಯ, ಒಳಸಾಲ, ಮರುಪಾವತಿ, ಲೆಕ್ಕ ಬರೆಯುವುದು: ಸಂಘದ ಪಂಚಸೂತ್ರ ಇಷ್ಟೇ. ಈ ಐದನ್ನೂ ಸರದಿಯ ಮೇಲೆ ಎಲ್ಲರೂ ಮಾಡಲಿ. ವರ್ಷಕ್ಕೊಮ್ಮೆ ಪದಾಧಿಕಾರಿಗಳು ಬದಲಾಗಲಿ. ಹಳಬರು ಪಕ್ಕದಲ್ಲಿ ಕೂತು ಹೇಳಿಕೊಡಲಿ. ಪ್ರತಿ ಸಭೆಯಲ್ಲೂ ಲೆಕ್ಕವನ್ನು ಗಟ್ಟಿಯಾಗಿ ಓದಲಿ.

ನೀರಿಗೆ ಇಳಿಯದೆ ಈಜು ಬರುವುದಿಲ್ಲ. ಮುಂದಿನ ಸಭೆಯಲ್ಲಿ ಕೇಳಿ: ಈ ಸಲ ಪುಸ್ತಕ ಯಾರ ಕೈಗೆ?