ಸಿಲಿಕಾನಿನ ಪಿಸುಮಾತು

ಸೋದರಿಯರೇ, ಸನ್ನತಿಯ ಭೀಮಾ ದಂಡೆಯಲ್ಲಿ ನಿಂತು ನೀವು ಪಿಸುಗುಟ್ಟಿದರೆ ವಾಡಿ ಸ್ಟೇಷನ್ನಿನ ಗದ್ದಲದಲ್ಲಿರುವ ಮಗಳಿಗೆ ಕೇಳೀತೆ? ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಕಣಗಳ ಜಾಡು ಹಿಡಿಯುವವರಿಗೂ ಇದೇ ಚಿಂತೆ. ಅಲ್ಲಿನ ಸಿಲಿಕಾನ್ ಬಿಲ್ಲೆಯ ದಪ್ಪ ಸುಮಾರು 0.3 ಮಿಲಿಮೀಟರ್. ವಿದ್ಯುದಂಶವುಳ್ಳ ಕಣವೊಂದು ಅದನ್ನು ಹಾದುಹೋದರೆ ಬಿಡುಗಡೆಯಾಗುವುದು ಇಪ್ಪತ್ತು ಸಾವಿರ ಚಿಲ್ಲರೆ ಇಲೆಕ್ಟ್ರಾನುಗಳು. ಬಹಳವೆನಿಸಿತೆ? ಟಾರ್ಚಿನ ಬಲ್ಬಿನಲ್ಲಿ ಸೆಕೆಂಡಿಗೆ ಕೋಟಿ ಕೋಟಿಗೂ ಮಿಕ್ಕಿ ಹರಿಯುತ್ತವೆ!

ತಂತಿ ಉದ್ದವಾದಷ್ಟೂ ಗದ್ದಲ ಹೆಚ್ಚು. ಆದ್ದರಿಂದ ಸದ್ದನ್ನು ಹಿಗ್ಗಿಸುವ ಚಿಪ್ಪನ್ನು ಬಿಲ್ಲೆಯ ಪಕ್ಕದಲ್ಲೇ ಕೂರಿಸುತ್ತಾರೆ. ಅದು ಗದ್ದಲವನ್ನು ಸೋಸಬೇಕು. 25 ನ್ಯಾನೊಸೆಕೆಂಡಿಗೊಮ್ಮೆ ಎದುರಾಗುವ ಕಣಗಳ ಗುಂಪುಗಳಲ್ಲಿ ಈ ಸದ್ದು ಯಾವ ಸಲದ್ದೆಂದು ಗುರುತಿಸಬೇಕು. ವಿಕಿರಣವನ್ನು ತಾಳಬೇಕು, ಬಿಸಿಯೂ ಏರಬಾರದು. ಒಳಗೆ ಕೂರಿಸಿದ ಮೇಲೆ ಬೇಕೆಂದಾಗ ಬಿಚ್ಚಿ ರಿಪೇರಿ ಮಾಡುವಂತಿಲ್ಲ.

ಎಲೆಕ್ಟ್ರಾನಿಕ್ಸ್ ಹುಡುಗರ ಓದೆಂದು ಮಗಳನ್ನು ತಡೆಯುವ ಮೊದಲು ಇದನ್ನು ಅವಳಿಗೇ ಓದಲು ಕೊಡಿ. ಇಂಥ ಚಿಪ್ಪಿನ ನಕ್ಷೆ ಮೂಡುವುದು ಕಂಪ್ಯೂಟರಿನ ಮುಂದೆ ಕುಳಿತು, ತಿಂಗಳುಗಟ್ಟಲೆ ಲೆಕ್ಕ ಹಾಕಿ.

ಬಿಲ್ಲೆಗಳ ಕೆಲಸವಂತೂ ನಮ್ಮ ರಾಜ್ಯದಲ್ಲೇ ನಡೆದಿದೆ. ಸರ್ನ್‌ನ ಸಿಎಂಎಸ್ ಪ್ರಯೋಗದ ಪ್ರೀಶವರ್ ಎಂಬ ಭಾಗಕ್ಕೆ ಭಾರತ ಕೊಟ್ಟ ಬಿಲ್ಲೆಗಳನ್ನು ಮುಂಬಯಿಯ ಭಾಭಾ ಅಣುಸಂಶೋಧನಾ ಕೇಂದ್ರದ ಜತೆಗೂಡಿ ತಯಾರಿಸಿದ್ದು ಬೆಂಗಳೂರಿನ ಬಿಇಎಲ್. ಒಂದೊಂದರಲ್ಲೂ 32 ಪಟ್ಟಿಗಳು. ಪ್ರತಿ ಪಟ್ಟಿಗೂ ಚಿಪ್ಪಿನಲ್ಲೊಂದು ಬೇರೆ ಕಿವಿ.